ಫೋಟೊ ಆಮದು ಮತ್ತು ಫೋಲ್ಡರ್ ಸ್ಥಳದೋಷ

ಫೋಟೊ ನಿರ್ವಹಣಾ ತಂತ್ರಾಂಶಕ್ಕೆ ಆಮದು ಮಾಡಿದ ಚಿತ್ರಗಳು ಉದ್ದೇಶಿಸಿದ ಫೋಲ್ಡರಿಗೆ ಹೋಗದೆ ಬೇರೆಡೆ ಸೇರುವುದನ್ನೂ, ಸರಿಯಾಗಿ ಸೇರಿದ ಚಿತ್ರಗಳು ಮುಂದೊಂದು ದಿನ ತಂತ್ರಾಂಶಕ್ಕೆ ಸಿಗದೆ ಹೋಗುವುದನ್ನೂ ಫೋಲ್ಡರ್ ಸ್ಥಳದೋಷ ಎನ್ನಬಹುದು. ಎರಡಕ್ಕೂ ಮೂಲ ಒಂದೇ. ಅಡೋಬಿ ಲೈಟ್‌ರೂಂ ಕ್ಲಾಸಿಕ್, ಡಿಜಿಕ್ಯಾಮ್ ಮುಂತಾದವು ಚಿತ್ರವನ್ನು ತಮ್ಮೊಳಗೆ ಇಟ್ಟುಕೊಳ್ಳುವುದಿಲ್ಲ. ಚಿತ್ರ ಯಾವ ಡಿಸ್ಕಿನ ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನು ಮಾತ್ರ ದತ್ತಸಂಚಯದಲ್ಲಿ ಬರೆದಿಡುತ್ತವೆ. ಆದ್ದರಿಂದ ಚಿತ್ರ ‘ಕಾಣೆಯಾಗಿದೆ’ ಎಂಬ ಸೂಚನೆ ಬಂದಾಗ ಚಿತ್ರ ಅಳಿದಿರುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ವಿಳಾಸವಷ್ಟೇ ಹಳತಾಗಿರುತ್ತದೆ.

ಗದಗ ಸೀಮೆಯ ಸಂಗ್ರಹಗಳು

ಮದುವೆ, ಜಾತ್ರೆಗಳ ಚಿತ್ರಗಳು ಆಲ್ಬಂ ಕೈಸೇರಿದೊಡನೆ ಹೆಚ್ಚುಕಡಿಮೆ ಮುಗಿದ ಲೆಕ್ಕ. ಸ್ಥಳದೋಷ ಹೆಚ್ಚಾಗಿ ಕಾಡುವುದು ವರ್ಷಗಟ್ಟಲೆ ಬೆಳೆಯುವ ದಾಖಲೀಕರಣ ಸಂಗ್ರಹಗಳನ್ನು. ಉದಾಹರಣೆಗೆ, ಗದಗ ಜಿಲ್ಲೆಯಲ್ಲಿ ಅಂಥ ವಸ್ತುವಿಗೆ ಕೊರತೆಯಿಲ್ಲ: ಗದಗಿನ ತ್ರಿಕೂಟೇಶ್ವರ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮ ಜಿನಾಲಯ, ಲಕ್ಷ್ಮೇಶ್ವರದ ಸೋಮೇಶ್ವರ ದೇಗುಲ ಮತ್ತು ಶಂಖ ಬಸದಿ, ಬೆಟಗೇರಿಯ ವೀರಗಲ್ಲುಗಳು, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ, ಮುಂಡರಗಿಯ ಕಡೆಗೂ ಚಾಚಿಕೊಂಡ ಕಪ್ಪತಗುಡ್ಡ.

ಇಂಥ ಸಂಗ್ರಹವನ್ನು ಜಿಲ್ಲೆ, ತಾಲ್ಲೂಕು, ಊರು ಎಂದು ಜೋಡಿಸುವುದು ಸಹಜವೆನಿಸಿದರೂ ಆಡಳಿತದ ಗಡಿಗಳು ಸ್ಥಿರವಲ್ಲ. ಗದಗ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು; ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ ಮುಂದೆ ತಾನೇ ತಾಲ್ಲೂಕಾಯಿತು. ಸಂಗ್ರಹಕಾರರು ಗಡಿ ಬದಲಾಯಿತೆಂದು ‘ಲಕ್ಷ್ಮೇಶ್ವರ’ ಫೋಲ್ಡರನ್ನು ‘ಶಿರಹಟ್ಟಿ’ಯೊಳಗಿನಿಂದ ವಿಂಡೋಸ್ ಎಕ್ಸ್‌ಪ್ಲೋರರಿನಲ್ಲಿ ಎಳೆದು ಹೊರಗಿಟ್ಟರೆ, ಲೈಟ್‌ರೂಂ ಹಳೆಯ ದಾರಿಯಲ್ಲೇ ಹುಡುಕಿ ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ. ಅದೇ ಕೆಲಸವನ್ನು ಲೈಟ್‌ರೂಮಿನ ಫೋಲ್ಡರ್ಸ್ ಫಲಕದೊಳಗೆ ಮಾಡಿದ್ದರೆ ಡಿಸ್ಕಿನಲ್ಲೂ ದತ್ತಸಂಚಯದಲ್ಲೂ ವಿಳಾಸ ಒಟ್ಟಿಗೆ ಬದಲಾಗುತ್ತಿತ್ತು. ಫೋಲ್ಡರಿಗೆ ಚಿತ್ರ ತೆಗೆದ ದಿನಾಂಕವನ್ನೂ ಊರಿನ ಹೆಸರನ್ನೂ ಇಟ್ಟು, ತಾಲ್ಲೂಕು–ಜಿಲ್ಲೆಗಳನ್ನು ಕೀವರ್ಡಿಗೆ ಬಿಡುವುದೇ ಹೆಚ್ಚು ಬಾಳಿಕೆಯ ಕ್ರಮ.

ಹೊರಗಿನಿಂದಲೇ ಫೋಲ್ಡರ್ ಸರಿಸುವ ರೂಢಿಗೆ ಪಿಕಾಸಾವೂ ಒಂದು ಕಾರಣವಿರಬಹುದು. ಗೂಗಲ್ 2004ರಲ್ಲಿ ಕೊಂಡು 2016ರಲ್ಲಿ ನಿಲ್ಲಿಸಿದ ಈ ತಂತ್ರಾಂಶ ತಿದ್ದುಪಡಿಗಳ ವಿವರವನ್ನು ಆಯಾ ಫೋಲ್ಡರಿನಲ್ಲೇ ಒಂದು ಅಡಗಿದ ಕಡತವಾಗಿ ಬರೆಯುತ್ತಿತ್ತು. ಫೋಲ್ಡರ್ ಎಲ್ಲಿಗೆ ಹೋದರೂ ವಿವರ ಜೊತೆಗೇ ಹೋಗುತ್ತಿತ್ತು. 2007ರಲ್ಲಿ ಬಂದ ಲೈಟ್‌ರೂಂ ಈ ವಿವರಗಳನ್ನೆಲ್ಲ ಕ್ಯಾಟಲಾಗ್ ಎಂಬ ಒಂದೇ ದತ್ತಸಂಚಯದಲ್ಲಿ ಇಡುವುದರಿಂದ ಆ ರೂಢಿ ಇಲ್ಲಿ ನಡೆಯುವುದಿಲ್ಲ.

ಆಮದಿನ ಹೊತ್ತಿನ ದೋಷಗಳು

ಲೈಟ್‌ರೂಮಿನಲ್ಲಿ ‘ಆ್ಯಡ್’ ಎಂದರೆ ಚಿತ್ರ ಇದ್ದಲ್ಲೇ ಇದ್ದು ವಿಳಾಸ ಮಾತ್ರ ದಾಖಲಾಗುತ್ತದೆ. ‘ಕಾಪಿ’ ಹೊಸ ಜಾಗಕ್ಕೆ ನಕಲು ಮಾಡುತ್ತದೆ. ‘ಮೂವ್’ ಮೂಲವನ್ನೇ ಸಾಗಿಸುತ್ತದೆ. ಈಗಾಗಲೇ ಡಿಸ್ಕಿನಲ್ಲಿ ಅಚ್ಚುಕಟ್ಟಾಗಿರುವ ಸಂಗ್ರಹಕ್ಕೆ ‘ಆ್ಯಡ್’ ಸಾಕು. ಅಲ್ಲಿ ‘ಕಾಪಿ’ ಆರಿಸಿದರೆ ಒಂದೇ ಚಿತ್ರ ಎರಡು ಕಡೆ ಉಳಿಯುತ್ತದೆ.

ಅತಿ ಸಾಮಾನ್ಯವಾದ ದೋಷ ಗುರಿ ಫೋಲ್ಡರಿನದು. ದಿನಾಂಕದಂತೆ ಜೋಡಿಸುವ ಆಯ್ಕೆ ವರ್ಷದ ಫೋಲ್ಡರನ್ನು ತಾನೇ ಹುಟ್ಟಿಸುತ್ತದೆ. ಬಳಕೆದಾರರು ಗುರಿಯಾಗಿ ‘2024’ ಫೋಲ್ಡರನ್ನೇ ತೋರಿಸಿದರೆ ಅದರೊಳಗೆ ಇನ್ನೊಂದು 2024 ಹುಟ್ಟುತ್ತದೆ. ತೋರಿಸಬೇಕಾದದ್ದು ವರ್ಷಗಳೆಲ್ಲ ಅಡಕವಾಗಿರುವ ಮೇಲಿನ ಫೋಲ್ಡರನ್ನು. ಹೊಸದಾಗಿ ಹುಟ್ಟಲಿರುವ ಫೋಲ್ಡರುಗಳ ಹೆಸರನ್ನು ಡೆಸ್ಟಿನೇಶನ್ ಫಲಕ ಓರೆ ಅಕ್ಷರದಲ್ಲಿ ತೋರಿಸುತ್ತದೆ. ಆಮದಿನ ಗುಂಡಿ ಒತ್ತುವ ಮುನ್ನ ಅದನ್ನು ಓದಿಕೊಂಡರೆ ಈ ದೋಷ ಬಹುತೇಕ ತಪ್ಪುತ್ತದೆ.

ಮೊಬೈಲ್ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ವಾಟ್ಸ್‌ಆ್ಯಪ್ ಮೂಲಕ ಬಂದ ಚಿತ್ರದಲ್ಲಿ ಕ್ಯಾಮೆರಾ ದಾಖಲಿಸಿದ ದಿನಾಂಕ ಸಾಮಾನ್ಯವಾಗಿ ಉಳಿದಿರುವುದಿಲ್ಲ. ತಂತ್ರಾಂಶ ಆಗ ಕಡತದ ದಿನಾಂಕವನ್ನು ಹಿಡಿಯುವುದರಿಂದ, ಹಿಂದಿನ ವರ್ಷದ ಜಾತ್ರೆಯ ಚಿತ್ರ ಈ ವರ್ಷದ ಫೋಲ್ಡರಿಗೆ ಸೇರಬಹುದು.

ಕನ್ನಡದ ಫೋಲ್ಡರ್ ಹೆಸರುಗಳು

ಇಂಗ್ಲಿಷ್ ಕೈಪಿಡಿಗಳು ಮುಟ್ಟದ, ಕನ್ನಡ ಬಳಕೆದಾರರಿಗೆ ಮುಖ್ಯವಾದ ಭಾಗವಿದು. ಯೂನಿಕೋಡಿನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ: ಈ, ಏ, ಐ, ಒ, ಓ ಸ್ವರಗಳ ಚಿಹ್ನೆಗಳು. ಏತ್ವವನ್ನು ಒಂದೇ ಸಂಕೇತವಾಗಿ ಇಡಬಹುದು. ಎತ್ವಕ್ಕೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತಗಳಾಗಿಯೂ ಇಡಬಹುದು. ಓತ್ವ ಪೂರ್ತಿ ಬಿಡಿಸಿದರೆ ಮೂರು ಸಂಕೇತಗಳಾಗುತ್ತದೆ. ತೆರೆಯ ಮೇಲೆ ವ್ಯತ್ಯಾಸ ಕಾಣದಿದ್ದರೂ ಬೈಟುಗಳನ್ನು ಹೋಲಿಸುವ ಯಂತ್ರಕ್ಕೆ ಅವು ಬೇರೆ ಬೇರೆ ಹೆಸರುಗಳು.

ಗದಗ, ಶಿರಹಟ್ಟಿ, ಮುಂಡರಗಿ, ಲಕ್ಕುಂಡಿ, ಮಾಗಡಿ — ಈ ಹೆಸರುಗಳಲ್ಲಿ ಆ ಐದು ಚಿಹ್ನೆಗಳಿಲ್ಲದ ಕಾರಣ ಅಪಾಯವಿಲ್ಲ. ಬೆಟಗೇರಿ, ಲಕ್ಷ್ಮೇಶ್ವರ, ಸೋಮೇಶ್ವರ, ತ್ರಿಕೂಟೇಶ್ವರಗಳಲ್ಲಿ ಇದೆ. ‘ಲಕ್ಷ್ಮೇಶ್ವರ’ ಕೂಡಿದ ರೂಪದಲ್ಲಿ 11 ಸಂಕೇತ, ಬಿಡಿಸಿದ ರೂಪದಲ್ಲಿ 12. ಆ್ಯಪಲ್ ಕಂಪ್ಯೂಟರುಗಳ ಹಳೆಯ ಕಡತವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ವಿಂಡೋಸಿನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸಿನ ಇಎಕ್ಸ್‌ಟಿ4 ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತವೆ. ಹೀಗಾಗಿ ಹಳೆಯ ಮ್ಯಾಕ್ ಡಿಸ್ಕಿನಿಂದ ಬಂದ ‘ಬೆಟಗೇರಿ’ಯೂ ವಿಂಡೋಸಿನಲ್ಲಿ ಟೈಪ್ ಮಾಡಿದ ‘ಬೆಟಗೇರಿ’ಯೂ ಒಂದೇ ಡಿಸ್ಕಿನಲ್ಲಿ ಅಕ್ಕಪಕ್ಕ ಕೂರಬಹುದು, ಕ್ಯಾಟಲಾಗಿಗೆ ಗೊತ್ತಿರುವುದು ಒಂದು ಮಾತ್ರ. 2017ರಿಂದ ಮ್ಯಾಕ್‌ಗಳಿಗೆ ಬಂದ ಎಪಿಎಫ್‌ಎಸ್ ಎರಡೂ ರೂಪಗಳನ್ನು ಒಂದೇ ಎಂದು ಎಣಿಸುವುದರಿಂದ ಮ್ಯಾಕ್‌ನೊಳಗೆ ತೊಂದರೆಯಿಲ್ಲ. ಡಿಸ್ಕುಗಳ ನಡುವೆ ಸಾಗಿಸುವಾಗ ಅದು ಉಳಿದೇ ಇದೆ. ಲಿನಕ್ಸಿನ ‘ಕಾನ್ವ್‌ಎಂವಿ’ ಎಂಬ ಉಪಕರಣ ಹೆಸರುಗಳನ್ನೆಲ್ಲ ಕೂಡಿದ ರೂಪಕ್ಕೆ ತರುತ್ತದೆ. ಕೆಲವೇ ಫೋಲ್ಡರುಗಳಿದ್ದರೆ ಹೆಸರನ್ನು ಅಳಿಸಿ ಹೊಸದಾಗಿ ಟೈಪ್ ಮಾಡಿದರೂ ಸಾಕು.

ಉದ್ದದ ಮಿತಿಯೂ ಗಮನಾರ್ಹ. ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕಾದ್ದರಿಂದ ಹೆಸರು 85 ಸಂಕೇತಗಳಿಗೇ ಮುಗಿಯುತ್ತದೆ. ಶಾಸನದ ವಿವರವನ್ನೆಲ್ಲ ಫೋಲ್ಡರಿನ ಹೆಸರಿನಲ್ಲೇ ತುಂಬುವವರಿಗೆ ಇದು ಸಾಲದು.

ಯೂನಿಕೋಡ್ ಪೂರ್ವದ ನುಡಿ, ಬರಹ ಅಕ್ಷರಶೈಲಿಗಳಿಗೆ ಹೊಂದಿಸಿ ಟೈಪ್ ಮಾಡಿದ ಹಳೆಯ ಹೆಸರುಗಳು ರೋಮನ್ ಅಕ್ಷರ–ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಆಮದು ಮಾಡುವುದು ಒಳ್ಳೆಯದು. ಇಷ್ಟಾದರೂ ಕನ್ನಡದ ಹೆಸರುಗಳನ್ನು ಬಿಟ್ಟುಕೊಡಬೇಕಾದ ಅಗತ್ಯವಿಲ್ಲ. ಒಂದೇ ರೂಪವನ್ನು ಪಾಲಿಸಿದರೆ ಅವು ಇಂಗ್ಲಿಷ್ ಹೆಸರುಗಳಷ್ಟೇ ಭದ್ರ.

ದುರಸ್ತಿ ಕ್ರಮ

ಪ್ರಶ್ನಾರ್ಥಕ ಚಿಹ್ನೆ ಕಂಡಾಗ ಎರಡು ಕೆಲಸ ಮಾಡಕೂಡದು: ಅದೇ ಚಿತ್ರಗಳನ್ನು ಮತ್ತೆ ಆಮದು ಮಾಡುವುದು, ಕಾಣೆಯಾದ ಫೋಲ್ಡರನ್ನು ಕ್ಯಾಟಲಾಗಿನಿಂದ ತೆಗೆಯುವುದು. ಕೀವರ್ಡು, ತಿದ್ದುಪಡಿಗಳನ್ನು ಚಿತ್ರದೊಂದಿಗೆ ಬೇರೆಯಾಗಿ ಬರೆದಿರದಿದ್ದರೆ ಅವು ಕ್ಯಾಟಲಾಗಿನಲ್ಲಿ ಮಾತ್ರ ಇರುತ್ತವೆ. ನಮೂದು ಹೋದರೆ ಅವೂ ಹೋದವು. ‘ಸಿಂಕ್ರೊನೈಸ್ ಫೋಲ್ಡರ್’ ಆಜ್ಞೆಯಲ್ಲಿ ಕಾಣೆಯಾದ ಚಿತ್ರಗಳನ್ನು ತೆಗೆದುಹಾಕುವ ಆಯ್ಕೆಯಿರುವುದರಿಂದ ಅದನ್ನೂ ಕೊನೆಗೆ ಇಟ್ಟುಕೊಳ್ಳಬೇಕು.

ಕ್ಯಾಟಲಾಗಿನ ನಕಲು ತೆಗೆದ ಬಳಿಕ ಮೊದಲು ನೋಡಬೇಕಾದದ್ದು ಡ್ರೈವ್ ಅಕ್ಷರವನ್ನು. ಹೊರಗಿನ ಹಾರ್ಡ್‌ಡಿಸ್ಕಿಗೆ ವಿಂಡೋಸ್ ನಿನ್ನೆ ಇ, ಇಂದು ಎಫ್ ಎಂದು ಅಕ್ಷರ ಕೊಟ್ಟಿರಬಹುದು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಹಳೆಯ ಅಕ್ಷರವನ್ನೇ ಮರಳಿ ಕೊಟ್ಟರೆ ಸಂಗ್ರಹ ಇಡಿಯಾಗಿ ಮರಳುತ್ತದೆ. ಒನ್‌ಡ್ರೈವ್ ಪಿಕ್ಚರ್ಸ್ ಫೋಲ್ಡರನ್ನು ತನ್ನೊಳಗೆ ಎಳೆದುಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ. ಇವೆರಡೂ ಅಲ್ಲದಿದ್ದರೆ ಕಾಣೆಯಾದ ಒಂದು ಚಿತ್ರದ ಹೆಸರನ್ನು ಡಿಸ್ಕಿನಲ್ಲಿ ಹುಡುಕಿ ಹೊಸ ಜಾಗ ತಿಳಿಯಬೇಕು. ಕ್ಯಾಮೆರಾದ ನಾಲ್ಕಂಕಿಯ ಎಣಿಕೆ 9999ರ ಬಳಿಕ ಮೊದಲಿನಿಂದ ಶುರುವಾಗುವ ಕಾರಣ ಒಂದೇ ಹೆಸರಿನ ಎರಡು ಚಿತ್ರಗಳು ಸಿಗಬಹುದು. ದಿನಾಂಕವನ್ನೂ ತಾಳೆ ನೋಡುವುದು ಅಗತ್ಯ.

ನಂತರ ಅತಿ ಮೇಲಿನ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ ‘ಫೈಂಡ್ ಮಿಸ್ಸಿಂಗ್ ಫೋಲ್ಡರ್’ ಮೂಲಕ ಹೊಸ ಸ್ಥಳ ತೋರಿಸಿದರೆ ಒಳಗಿನವೆಲ್ಲ ಒಂದೇ ಬಾರಿಗೆ ಸರಿಹೋಗುತ್ತವೆ. ಮೇಲಿನ ಫೋಲ್ಡರ್ ಫಲಕದಲ್ಲಿ ಕಾಣದಿದ್ದರೆ ‘ಶೋ ಪೇರೆಂಟ್ ಫೋಲ್ಡರ್’ ಅದನ್ನು ಹೊರತರುತ್ತದೆ.

ಡಿಜಿಕ್ಯಾಮ್ ಈ ವಿಷಯದಲ್ಲಿ ಹೆಚ್ಚು ಸಹಿಷ್ಣು. ಅದು ಡಿಸ್ಕನ್ನು ಡ್ರೈವ್ ಅಕ್ಷರಕ್ಕಿಂತ ಅದರ ವಿಶಿಷ್ಟ ಗುರುತಿನಿಂದ ನೆನಪಿಡಲು ಯತ್ನಿಸುತ್ತದೆ. ಹೊರಗೆ ಸರಿಸಿದ ಚಿತ್ರವನ್ನೂ ಕಡತದ ಒಳಗಿನ ಬೈಟುಗಳಿಂದ ಬಹುಮಟ್ಟಿಗೆ ಗುರುತಿಸಿ ಹಳೆಯ ವಿವರವನ್ನು ಜೋಡಿಸುತ್ತದೆ. ಆ್ಯಪಲ್ ಫೋಟೋಸ್ ಸಾಮಾನ್ಯವಾಗಿ ಚಿತ್ರವನ್ನು ತನ್ನ ಲೈಬ್ರರಿಯೊಳಗೇ ನಕಲಿಸಿಕೊಳ್ಳುವ ಕಾರಣ ಅಲ್ಲಿ ಈ ದೋಷ ವಿರಳ.

ಲೈಟ್‌ರೂಂ ಮುಚ್ಚುವಾಗ ಕೇಳುವ ಬ್ಯಾಕಪ್ ಕ್ಯಾಟಲಾಗಿಗೆ ಸಂಬಂಧಿಸಿದ್ದು, ಚಿತ್ರಗಳು ಅದರಲ್ಲಿ ಸೇರಿರುವುದಿಲ್ಲ. ಚಿತ್ರಗಳ ನಕಲನ್ನು ಇನ್ನೊಂದು ಡಿಸ್ಕಿನಲ್ಲಿ, ಅದೇ ಫೋಲ್ಡರ್ ರಚನೆಯಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.