ತಿಜೂಕದ ಜಲಪಾತವೂ ನೆಟ್ಟು ಬೆಳೆಸಿದ ಕಾಡೂ

ಬ್ರಜಿಲ್ ದೇಶದ ರಿಯೊ ಡಿ ಜನೈರೊ ನಗರದ ನಿವಾಸಿಗಳು ವಿರಾಮದ ದಿನದಲ್ಲಿ ಬೆಳಗ್ಗೆ ಮನೆಯಿಂದ ಹೊರಟು, ಮಳೆಕಾಡಿನ ನಡುವೆ ಧುಮುಕುವ ಜಲಪಾತವೊಂದನ್ನು ಕಂಡು, ಅಂದೇ ಸಂಜೆಗೆ ಮನೆ ಸೇರಬಲ್ಲರು. ನಗರಕ್ಕೆ ಅಂಟಿಕೊಂಡೇ ಎದ್ದಿರುವ ತಿಜೂಕ ಗಿರಿಗಳ ಅರಣ್ಯದ್ವಾರವನ್ನು ದಾಟಿ ಸ್ವಲ್ಪ ದೂರ ನಡೆದೊಡನೆ, ಸುಮಾರು 30 ಮೀಟರ್ ಎತ್ತರದಿಂದ ಬಂಡೆಯ ಮೇಲೆ ಜಾರಿ ಬೀಳುವ ಈ ಜಲಧಾರೆಯು ಗೋಚರವಾಗುವುದು. ಸುತ್ತಲಿನ ಮರಗಳನ್ನೂ ಬಳ್ಳಿಗಳನ್ನೂ ಜರಿಗಿಡಗಳನ್ನೂ ನೋಡಿದವನು, ಇದು ಎಂದೂ ಕೊಡಲಿಯನ್ನು ಕಾಣದ ಆದಿಕಾಲದ ವನವೆಂದು ಭಾವಿಸಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಈ ವನದ ಬಹುಭಾಗವು ಒಮ್ಮೆ ಅಳಿದುಹೋಗಿ, ಮನುಷ್ಯರ ದುಡಿಮೆಯಿಂದ ಮತ್ತೆ ಹುಟ್ಟಿದುದೆಂಬುದು ಇತಿಹಾಸದ ಮಾತು.

ಪೋರ್ತುಗಲ್ಲಿನ ರಾಜಪರಿವಾರವು 1808ರಲ್ಲಿ ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ರಿಯೊ ನಗರಕ್ಕೆ ಬಂದು ನೆಲಸಿತು. 1816ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಕಲಾವಿದರ ತಂಡದಲ್ಲಿ ನಿಕೊಲಾ ಆಂತ್ವಾನ್ ತೊನೇ ಎಂಬ ಚಿತ್ರಕಾರನೊಬ್ಬನಿದ್ದನು. ಈತನು ಜಲಪಾತದ ಬಳಿಯಲ್ಲಿ ಮನೆಮಾಡಿಕೊಂಡು ಕೆಲವು ಕಾಲವಿದ್ದು, 1821ರಲ್ಲಿ ಸ್ವದೇಶಕ್ಕೆ ಮರಳಿದನು. ಜಲಪಾತವು ಇಂದಿಗೂ ಆತನ ಹೆಸರನ್ನೇ ಹೊತ್ತಿದೆ.

ಅದೇ ಕಾಲದಲ್ಲಿ ಈ ಬೆಟ್ಟಗಳ ಮೇಲೆ ಕಾಫಿಯ ತೋಟಗಳು ಹಬ್ಬುತ್ತಿದ್ದುವು. ಆಫ್ರಿಕದಿಂದ ಸೆರೆತಂದ ಗುಲಾಮರ ಕೈಯಿಂದ ಕಾಡನ್ನು ಕಡಿಸಿ, ಸುಡಿಸಿ, ಬರಿದಾದ ಇಳಿಜಾರಿನಲ್ಲಿ ಸಸಿಗಳನ್ನು ನೆಡಿಸಿದರು. ನೆರಳಿಲ್ಲದ ಮಣ್ಣು ಮಳೆಗೆ ಕೊಚ್ಚಿಹೋಗಿ, ಕೆಲವು ದಶಕಗಳಲ್ಲಿಯೇ ನೆಲದ ಸಾರವು ತೀರಿತು. ಅದಕ್ಕಿಂತಲೂ ದೊಡ್ಡ ಹಾನಿಯು ನಗರಕ್ಕೆ ಕಾದಿತ್ತು. ರಿಯೊ ನಗರವು ಕುಡಿಯುತ್ತಿದ್ದುದು ಈ ಬೆಟ್ಟಗಳ ತೊರೆಗಳ ನೀರನ್ನೇ. ಅವುಗಳಲ್ಲೊಂದಾದ ಕರಿಯೋಕ ಹೊಳೆಯ ನೀರನ್ನು ಪೇಟೆಗೆ ತರುವುದಕ್ಕಾಗಿ ಕಟ್ಟಿದ ಕಮಾನುಗಳ ಮೇಲ್ಗಾಲುವೆಯು 1750ರಲ್ಲಿ ಪೂರ್ಣವಾಗಿತ್ತು. ಕಾಡಿನ ನೆಲವು ಮಳೆಯನ್ನು ಹೀರಿಕೊಂಡು ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಬಿಟ್ಟುಕೊಡುವುದು. ಬೋಳುಬೆಟ್ಟವಾದರೋ ಬಂದುದನ್ನೆಲ್ಲ ಒಂದೇ ದಿನದಲ್ಲಿ ಸಮುದ್ರಕ್ಕೆ ಹರಿಸಿ ಬರಿದಾಗುವುದು. 1840ರ ದಶಕದಲ್ಲಿ ಅನಾವೃಷ್ಟಿಯುಂಟಾದಾಗ ರಾಜಧಾನಿಯ ಜನರು ಈ ಸತ್ಯವನ್ನು ಬಾಯಾರಿಕೆಯಿಂದ ಕಲಿತರು.

ಸರ್ಕಾರವು ತೋಟಗಳನ್ನು ಒಂದೊಂದಾಗಿ ಕೊಂಡು, 1861ರಲ್ಲಿ, ಚಕ್ರವರ್ತಿ ಎರಡನೆಯ ಪೆಡ್ರೊವಿನ ಆಳಿಕೆಯಲ್ಲಿ, ಅಲ್ಲಿ ಪುನಃ ಅರಣ್ಯವನ್ನು ಬೆಳೆಸಬೇಕೆಂದು ಆಜ್ಞೆ ಹೊರಡಿಸಿತು. ಮೇಜರ್ ಮನುವೆಲ್ ಗೋಮೆಸ್ ಆರ್ಷೆರ್ ಎಂಬಾತನು ಅಧಿಕಾರಿಯಾಗಿ ನೇಮಕಗೊಂಡನು. ಉಳಿದಿದ್ದ ಕಾಡಿನಿಂದಲೂ ತನ್ನ ಸ್ವಂತ ಜಮೀನಿನಿಂದಲೂ ಸಸಿಗಳನ್ನು ತರಿಸಿ, ಹೆಚ್ಚಾಗಿ ಆ ನಾಡಿನ ಜಾತಿಯ ಮರಗಳನ್ನೇ ಬೆರೆಸಿ ನೆಡಿಸಿದುದು ಆತನ ವಿವೇಕ. ಆದರೆ ಮೊದಲು ಗುಂಡಿ ತೋಡಿ ನೀರೆರೆದವರು ಆರು ಮಂದಿ ಗುಲಾಮರು: ಎಲೆವುತೇರಿಯೊ, ಕಾನ್‌ಸ್ತಾಂತಿನೊ, ಮನುವೆಲ್, ಮತೇವುಸ್, ಲಿಯೊಪೋಲ್ಡೊ, ಮತ್ತು ಮರಿಯಾ ಎಂಬ ಸ್ತ್ರೀ. ಕಾಡನ್ನು ಕಡಿದ ಕೈಗಳೂ ಪರಾಧೀನ, ಮರಳಿ ನೆಟ್ಟ ಕೈಗಳೂ ಪರಾಧೀನ. ಬ್ರಜಿಲ್ ದೇಶದಲ್ಲಿ ದಾಸ್ಯವು ರದ್ದಾದುದು 1888ರಲ್ಲಿ. ಅಷ್ಟು ಹೊತ್ತಿಗೆ 1861ರ ಸಸಿಗಳು ಮರಗಳಾಗಿದ್ದುವು.

1874ರಲ್ಲಿ ಆರ್ಷೆರನ ತರುವಾಯ ಬಂದ ಬ್ಯಾರನ್ ದೆಸ್ಕ್ರಾನ್ಯೊಲನು ದಾರಿ, ಸೇತುವೆ, ಕೊಳಗಳನ್ನು ರಚಿಸಿ ಕಾಡನ್ನು ವಿಹಾರಸ್ಥಳವನ್ನಾಗಿ ಮಾಡಿದನು. ಜನರು ಜಲಪಾತವನ್ನು ನೋಡಲು ಸುಖವಾಗಿ ಹೋಗಿಬರುವ ಪದ್ಧತಿಗೆ ಇದು ಅನುಕೂಲವನ್ನೊದಗಿಸಿತು. 1961ರಲ್ಲಿ ಈ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು.

ನೆಟ್ಟುದರಿಂದಲೇ ಎಲ್ಲವೂ ಆಯಿತೆನ್ನುವಂತಿಲ್ಲ. ಬಿಟ್ಟ ನೆಲದಲ್ಲಿ ಗಾಳಿಯೂ ಹಕ್ಕಿಗಳೂ ಬಿತ್ತಿದ ಬೀಜಗಳು ಮನುಷ್ಯನ ಕೆಲಸವನ್ನು ಬಹುಮಟ್ಟಿಗೆ ಪೂರೈಸಿದುವು. ಕೆಲವು ಅತಿಥಿಗಳು ಮಿತಿಮೀರಿಯೂ ಬೆಳೆದರು. ನಮ್ಮ ಪಶ್ಚಿಮಘಟ್ಟಗಳಿಂದ ಪೋರ್ತುಗೀಜರ ಮೂಲಕ ಸಾಗರ ದಾಟಿದ ಹಲಸು ತಿಜೂಕದಲ್ಲಿ ತಾನಾಗಿ ಹಬ್ಬಿ, ಸ್ಥಳೀಯ ಸಸ್ಯಗಳ ಜಾಗವನ್ನು ಆಕ್ರಮಿಸುತ್ತಿದೆ. ಕನ್ನಡಿಗನು ಹಿತ್ತಿಲಿನಲ್ಲಿ ಆದರಿಸುವ ಮರವು ಅಲ್ಲಿಯ ಅರಣ್ಯಪಾಲಕರಿಗೆ ಚಿಂತೆಯ ಕಾರಣವಾಗಿದೆ. ಮರಗಳು ಬಂದರೂ ಮೃಗಗಳು ಬರಲಿಲ್ಲ. ಬೀಜಗಳನ್ನು ಹೂತಿಟ್ಟು ಮರೆಯುವ ಅಗೂಟಿಯೆಂಬ ಪ್ರಾಣಿಯನ್ನು 2010ರಲ್ಲಿಯೂ, ಕೂಗುವ ಕಪಿಗಳನ್ನು 2015ರಲ್ಲಿಯೂ ತಂದು ಬಿಡಬೇಕಾಯಿತು.

ಕೆಡಿಸಲು ಕೆಲವು ದಶಕಗಳು ಸಾಕಾದುವು. ಸರಿಪಡಿಸುವ ಕಾರ್ಯವು ಒಂದೂವರೆ ಶತಮಾನವನ್ನು ಮೀರಿಯೂ ಮುಗಿದಿಲ್ಲ. ಆದರೂ ಅದು ಅಸಾಧ್ಯವಲ್ಲವೆಂಬುದಕ್ಕೆ ತಿಜೂಕವೇ ಸಾಕ್ಷಿ. ಜಲಪಾತದ ಮುಂದೆ ನಿಲ್ಲುವ ಯಾತ್ರಿಕನು ಚಿತ್ರಕಾರನ ಹೆಸರಿನೊಡನೆ ಆ ಆರು ಹೆಸರುಗಳನ್ನೂ ಸ್ಮರಿಸುವುದು ನ್ಯಾಯ.