‘ಅರವತ್ತಕ್ಕೆ ಅರಳು ಮರಳು’ ನಿಜವೇ? ಎಲ್ಲ ಮರೆವೂ ಒಂದೇ ಅಲ್ಲ

ಹೇಳಿಕೆ: ವಯಸ್ಸಾದ ಮೇಲೆ ಮರೆವು ಸಹಜ, ಅದಕ್ಕೆ ಡಾಕ್ಟರ್ ಬೇಕಿಲ್ಲ.

ಸತ್ಯ: ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು, ಪರಿಚಿತರ ಹೆಸರು ಸ್ವಲ್ಪ ಹೊತ್ತಿನ ಮೇಲೆ ಹೊಳೆಯುವುದು ಸಹಜ. ನಿನ್ನೆ ಹೋಗಿ ಬಂದ ಮದುವೆಯೇ ನೆನಪಿಲ್ಲದಿರುವುದು, ದಿನವೂ ಓಡಾಡುವ ರಸ್ತೆಯಲ್ಲಿ ದಾರಿ ತಪ್ಪುವುದು ಸಹಜವಲ್ಲ. ಅದು ಡಿಮೆನ್ಷಿಯಾ ಇರಬಹುದು. ಡಿಮೆನ್ಷಿಯಾ ಒಂದೇ ಕಾಯಿಲೆಯ ಹೆಸರಲ್ಲ. ಮೆದುಳಿನ ಬೇರೆ ಬೇರೆ ಕಾಯಿಲೆಗಳಿಂದ ಬರುವ ಲಕ್ಷಣಗಳ ಗುಂಪು ಅದು. ಮೆದುಳಿನ ಯಾವ ಭಾಗ ಹಾಳಾಗಿದೆ ಎಂಬುದರ ಮೇಲೆ ಮರೆವಿನ ಸ್ವರೂಪವೂ ಬದಲಾಗುತ್ತದೆ.

ಆಲ್‌ಝೈಮರ್: ಹೊಸದು ದಾಖಲಾಗುವುದೇ ಇಲ್ಲ

ಅತಿ ಹೆಚ್ಚು ಕಂಡುಬರುವ ಡಿಮೆನ್ಷಿಯಾ ಇದು. ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ಮೆದುಳಿನ ನರಕೋಶಗಳ ಹೊರಗೆ ಅಮೈಲಾಯ್ಡ್, ಒಳಗೆ ಟೌ ಎಂಬ ಪ್ರೋಟೀನ್ ಅಸಹಜವಾಗಿ ಸೇರಿಕೊಳ್ಳುತ್ತವೆ. ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗ. ಹೊಸ ಘಟನೆಗಳು ನೆನಪಾಗಿ ಉಳಿಯಲು ಈ ಭಾಗ ಬೇಕೇ ಬೇಕು.

ಅದಕ್ಕೇ ಅಜ್ಜಿಗೆ ಐವತ್ತು ವರ್ಷದ ಹಿಂದಿನ ಜಾತ್ರೆ ನೆನಪಿರುತ್ತದೆ, ಬೆಳಗ್ಗೆ ತಿಂದ ಉಪ್ಪಿಟ್ಟು ನೆನಪಿರುವುದಿಲ್ಲ. ‘ಬೇಕಂತಲೇ ನಾಟಕ ಮಾಡ್ತಾರೆ’ ಎನ್ನುವುದು ತಪ್ಪು. ದಾಖಲೇ ಆಗದ್ದನ್ನು ಸುಳಿವು ಕೊಟ್ಟರೂ ನೆನಪಿಸಿಕೊಳ್ಳಲು ಆಗದು.

ರಕ್ತನಾಳದ ಡಿಮೆನ್ಷಿಯಾ: ಇದೆ, ಆದರೆ ಬೇಗ ಸಿಗದು

ಪಾರ್ಶ್ವವಾಯುವಿನಿಂದ ಅಥವಾ ಸಣ್ಣ ರಕ್ತನಾಳಗಳು ಕೆಡುವುದರಿಂದ ಮೆದುಳಿಗೆ ರಕ್ತ ಸರಿಯಾಗಿ ಸಿಗದೆ ಇದು ಬರುತ್ತದೆ. ಯೋಚನೆ ನಿಧಾನವಾಗುತ್ತದೆ, ಕೆಲಸವನ್ನು ಯೋಜಿಸಿ ಮಾಡುವುದು ಕಷ್ಟವಾಗುತ್ತದೆ. ನೆನಪು ಒಳಗೇ ಇದ್ದು, ಸುಳಿವು ಕೊಟ್ಟರೆ ಹೊಳೆಯುವುದೂ ಉಂಟು. ಬಿಪಿ, ಶುಗರ್ ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು ಇಲ್ಲಿ ಬಹಳ ಮುಖ್ಯ.

ಲೂಯಿ ಬಾಡಿ ಡಿಮೆನ್ಷಿಯಾ: ದೆವ್ವದ ಕಾಟ ಅಲ್ಲ

ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಉಂಡೆಗಟ್ಟುತ್ತದೆ. ಗಮನ ಇಂದು ಚೆನ್ನಾಗಿದ್ದರೆ ನಾಳೆ ಪೂರ್ತಿ ಮಂಕು. ಗಮನ ನಿಲ್ಲದಿದ್ದರೆ ಕಲಿಯುವುದೂ ಆಗದು. ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣಿಸಬಹುದು. ನಿದ್ದೆಯಲ್ಲಿ ಕೂಗುವುದು, ಒದೆಯುವುದು ವರ್ಷಗಳ ಮೊದಲೇ ಶುರುವಾಗಿರಬಹುದು. ‘ಗಾಳಿ ಸೋಕಿದೆ’ ಎಂದು ಮಂತ್ರವಾದಿ ಹತ್ತಿರ ಹೋಗಬೇಡಿ. ಭ್ರಮೆ ತಗ್ಗಿಸಲು ಕೊಡುವ ಕೆಲವು ಮಾತ್ರೆಗಳು ಇವರಿಗೆ ಗಂಭೀರ ಅಪಾಯ ತರಬಲ್ಲವು. ಹಾಗಾಗಿ ಎಲ್ಲ ಲಕ್ಷಣಗಳನ್ನೂ ಡಾಕ್ಟರಿಗೆ ಹೇಳಿ.

ಫ್ರಾಂಟೊಟೆಂಪೊರಲ್: ನೆನಪಿಗಿಂತ ಮೊದಲು ನಡವಳಿಕೆ

ಮೆದುಳಿನ ಮುಂಭಾಗ ಮತ್ತು ಕಿವಿಯ ಬಳಿಯ ಭಾಗ ಸವೆಯುತ್ತವೆ. ಹೆಚ್ಚಾಗಿ 45ರಿಂದ 65ರ ವಯಸ್ಸಿನಲ್ಲೇ ಶುರು. ಆರಂಭದಲ್ಲಿ ನೆನಪು ಸಾಕಷ್ಟು ಚೆನ್ನಾಗಿರುತ್ತದೆ. ಆದರೆ ಸಂಕೋಚ, ಕನಿಕರ ಕಡಿಮೆಯಾಗುತ್ತದೆ. ಕೆಲವರಿಗೆ ಪದಗಳ ಅರ್ಥವೇ ಮರೆಯುತ್ತದೆ. ಮನೆಯವರು ಇದನ್ನು ಸೊಕ್ಕು ಎಂದುಕೊಳ್ಳುತ್ತಾರೆ.

ಇಳಿವಯಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆ ಒಟ್ಟಿಗೇ ಇರುವುದೂ ಸಾಮಾನ್ಯ.

ಹಾಗಾದರೆ ಇವರು ಏನನ್ನೂ ಕಲಿಯಲಾರರೇ?

ಕಲಿಯಬಲ್ಲರು. ರಂಗೋಲಿ, ಭಜನೆ, ಹೂ ಕಟ್ಟುವುದು ಇಂಥ ಕೈಬಾಯಿಗೆ ರೂಢಿಯಾದ ಕೌಶಲಗಳನ್ನು ಮೆದುಳಿನ ಬೇರೆ ಭಾಗಗಳು ನೋಡಿಕೊಳ್ಳುತ್ತವೆ. ಆಲ್‌ಝೈಮರ್‌ನಲ್ಲಿ ಇವು ಬಹಳ ಕಾಲ ಉಳಿಯಬಹುದು. ಆರಂಭದ ಹಂತದಲ್ಲಿ ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮಾಡಿಸಿದರೆ ಸಣ್ಣಪುಟ್ಟ ಹೊಸ ಅಭ್ಯಾಸಗಳೂ ಕೂಡಿಬರುತ್ತವೆ. ‘ನಾನು ಯಾರು ಹೇಳಿ ನೋಡೋಣ?’ ಎಂದು ಪರೀಕ್ಷಿಸಬೇಡಿ. ‘ಅಮ್ಮಾ, ನಾನು ನಿಮ್ಮ ಮಗಳು’ ಎಂದು ನೀವೇ ಹೇಳಿ.

ಮೊದಲು ಮಾಡಬೇಕಾದ್ದು

ಥೈರಾಯ್ಡ್ ಸಮಸ್ಯೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು, ಬಿದ್ದ ನಂತರ ತಲೆಯೊಳಗೆ ಆಗುವ ರಕ್ತಸ್ರಾವ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ‘ವಯಸ್ಸಾಯ್ತು’ ಎಂದು ಸುಮ್ಮನಿದ್ದರೆ ಆ ಅವಕಾಶ ತಪ್ಪುತ್ತದೆ. ಕೊಬ್ಬರಿ ಎಣ್ಣೆಯಿಂದ ಡಿಮೆನ್ಷಿಯಾ ಗುಣವಾಗುತ್ತದೆ ಎಂಬ ಸಂದೇಶಗಳಿಗೆ ದೃಢ ಪುರಾವೆ ಇಲ್ಲ. ಅವನ್ನು ಫಾರ್ವರ್ಡ್ ಮಾಡಬೇಡಿ. ನರರೋಗ ಅಥವಾ ಮನೋರೋಗ ತಜ್ಞರನ್ನು ಕಾಣಿ. ಹಿರಿಯ ನಾಗರಿಕರ ಸಹಾಯವಾಣಿ: 14567.

ತೀರ್ಪು: ‘ಅರವತ್ತಕ್ಕೆ ಅರಳು ಮರಳು’ ಗಾದೆ ಮಾತ್ರ, ವೈದ್ಯಕೀಯ ಸತ್ಯವಲ್ಲ.