ಹಾಲಿನ ಬಟವಾಡೆಯಲ್ಲಿ ಹಿಡಿದ ಅರವತ್ತು ರೂಪಾಯಿ

ಇಪ್ಪತ್ತು ವರ್ಷದ ಹಿಂದೆ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿ ಆರೋಗ್ಯ ವಿಮೆಯ ಕಂತು ಕಟ್ಟುವುದೆಂದರೆ ಚೆಕ್ಕು ಬರೆಯುವುದಾಗಿರಲಿಲ್ಲ. ಬಟವಾಡೆಯ ದಿನ ಹಾಲಿನ ಡೇರಿಯ ಕಾರ್ಯದರ್ಶಿ ಲೆಕ್ಕದ ಪುಸ್ತಕ ತೆರೆದು, ಪಶು ಆಹಾರದ ಬಾಕಿ ಹಿಡಿದುಕೊಂಡ ಹಾಗೆಯೇ ತಲೆಗೆ ಅರವತ್ತು ರೂಪಾಯಿ ಹಿಡಿದುಕೊಂಡು ಉಳಿದದ್ದನ್ನು ಎಣಿಸಿ ಕೊಡುತ್ತಿದ್ದರು. ಅದಕ್ಕೆ ಜನ 'ವಿಮೆ' ಅನ್ನುತ್ತಿರಲಿಲ್ಲ, 'ಯಶಸ್ವಿನಿ ದುಡ್ಡು' ಅನ್ನುತ್ತಿದ್ದರು. ನನ್ನ ಅಜ್ಜಿಗೆ ಈಗಲೂ ಅದು ಹಾಗೆಯೇ.

ಅರವತ್ತು ರೂಪಾಯಿಯ ಜೊತೆ ಸರ್ಕಾರ ತನ್ನ ಪಾಲಿನದೆಂದು ತಲೆಗೆ ಮೂವತ್ತು ರೂಪಾಯಿ ಸೇರಿಸುತ್ತಿತ್ತು. ವಿಮೆಯ ಕಂತಿನಲ್ಲಿ ಸರ್ಕಾರದ ಪಾಲು ಎಷ್ಟು, ಅದು ಯಾವ ದಾರಿಯಲ್ಲಿ ಯಾರ ಕೈ ಸೇರಬೇಕು ಅನ್ನುವುದು ಈಗ ಜಗತ್ತಿನ ದೊಡ್ಡ ರಾಜಕೀಯ ಪ್ರಶ್ನೆಗಳಲ್ಲೊಂದು. 2025ರ ಅಕ್ಟೋಬರ್ 1ರಿಂದ ಅಮೆರಿಕದ ಕೇಂದ್ರ ಸರ್ಕಾರ 43 ದಿನ ಬಾಗಿಲು ಹಾಕಿಕೊಂಡಿದ್ದು ಇದೇ ಜಗಳದಲ್ಲಿ. ಆ ಪ್ರಶ್ನೆಗೆ ನಮ್ಮಲ್ಲೂ ಎರಡು ಉತ್ತರಗಳಿದ್ದವು. ಒಂದು ದೆಹಲಿಯಲ್ಲಿ ಕಾನೂನಾಗಿ ಹುಟ್ಟಿತು, ಇನ್ನೊಂದು ಬೆಂಗಳೂರಿನಲ್ಲಿ ಯೋಜನೆಯಾಗಿ. ಎರಡರ ಆಯುಷ್ಯವೂ ಒಂದೇ ತರಹ ಇರಲಿಲ್ಲ ಅನ್ನುವುದೇ ನಾನು ಹೇಳಹೊರಟಿರುವ ಕಥೆ.

ಮೊದಲು ದೆಹಲಿಯದು. 1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ಪಾಲಿಸಿಯನ್ನು ಮಾರುಕಟ್ಟೆಗೆ ತಂದವು. ಅದೇ ವರ್ಷದ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಯೊಳಗೆ 80ಡಿ ಅನ್ನುವ ಸೆಕ್ಷನ್ ಸೇರಿಸಿತು. ಕಟ್ಟಿದ ಕಂತನ್ನು ಒಂದು ಮಿತಿಯವರೆಗೆ ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಿದರೆ ಸಾಕು. ಮಿತಿ ಆಗ ಮೂರು ಸಾವಿರ. ಬೆಳೆಯುತ್ತಾ ಬೆಳೆಯುತ್ತಾ 2015ರಲ್ಲಿ 25,000 ಆಯಿತು, 2018ರಲ್ಲಿ ಹಿರಿಯ ನಾಗರಿಕರಿಗೆ 50,000.

ಈ ಸೆಕ್ಷನ್ನಿನ ಗುಣ ಗೊತ್ತಾಗುವುದು ಅದರ ಷರತ್ತಿನಲ್ಲಿ. ಕಂತನ್ನು ನಗದಾಗಿ ಕಟ್ಟಿದರೆ ವಿನಾಯಿತಿ ಇಲ್ಲ. ಮೊದಲು ಚೆಕ್ಕೇ ಆಗಬೇಕಿತ್ತು, ಆಮೇಲೆ ನಗದೊಂದನ್ನು ಬಿಟ್ಟು ಬೇರೆ ಯಾವ ರೀತಿಯಾದರೂ ಸರಿ ಅಂತಾಯಿತು. ಇನ್ನೊಂದು ಷರತ್ತನ್ನು ಕಾಯ್ದೆಯಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ: ತೆರಿಗೆ ಉಳಿಸಬೇಕಾದರೆ ತೆರಿಗೆ ಕಟ್ಟುವವರಾಗಿರಬೇಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಹಾಗಾಗಿ ರಾಗಿ ನಂಬಿಕೊಂಡ ಮನೆಗೆ 80ಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 25,000 ಕಂತು ಕಟ್ಟಿದವರು ಶೇ. 30ರ ತೆರಿಗೆ ಹಂತದಲ್ಲಿದ್ದರೆ ಅವರಿಗೆ ಉಳಿಯುವುದು 7,500 ರೂಪಾಯಿ. ಶೇ. 20ರ ಹಂತದಲ್ಲಿದ್ದರೆ 5,000. ತೆರಿಗೆಯ ಗೆರೆಯ ಕೆಳಗಿದ್ದರೆ ಸೊನ್ನೆ. ಆದಾಯ ಹೆಚ್ಚಿದಷ್ಟೂ ಸರ್ಕಾರದ ಪಾಲು ಹೆಚ್ಚುವ ಈ ವ್ಯವಸ್ಥೆಯನ್ನು ಸಹಾಯಧನ ಅಂತ ಯಾರೂ ಕರೆಯುವುದಿಲ್ಲ. ಸಬ್ಸಿಡಿ ಅನ್ನುವ ಪದ ನಮ್ಮಲ್ಲಿ ರೈತರಿಗೆ ಮೀಸಲು.

ಅಮೆರಿಕದ ಟ್ಯಾಕ್ಸ್ ಕ್ರೆಡಿಟ್ ಇದಕ್ಕಿಂತ ಬೇರೆ. ಒಬಾಮಾ ಕಾಲದ 2010ರ ಕಾಯ್ದೆಯಡಿ 2014ರಿಂದ ಜಾರಿಯಾದ ಆ ನೆರವು ಆದಾಯದಿಂದ ಕಳೆಯುವ ಲೆಕ್ಕವಲ್ಲ, ಕಂತಿಗೇ ಸೇರುವ ದುಡ್ಡು. ಪ್ರತಿ ತಿಂಗಳು ಸರ್ಕಾರದಿಂದ ನೇರ ವಿಮಾ ಕಂಪನಿಗೆ ಹೋಗುತ್ತದೆ. ಕಟ್ಟಬೇಕಾದ ತೆರಿಗೆಗಿಂತ ನೆರವೇ ದೊಡ್ಡದಿದ್ದರೂ ಅದು ಕಡಿಮೆಯಾಗುವುದಿಲ್ಲ. 2021ರಲ್ಲಿ ಅದನ್ನು ಹಿಗ್ಗಿಸಿ, ಮಧ್ಯಮ ವರ್ಗದವರೂ ಆದಾಯದ ಶೇ. 8.5ಕ್ಕಿಂತ ಹೆಚ್ಚು ಕಟ್ಟಬೇಕಾಗದಂತೆ ಮಾಡಿದರು. ಕಂಪನಿಯ ವಿಮೆಯಿಲ್ಲದೆ ಸ್ವಂತ ವ್ಯವಹಾರ ನಡೆಸುವ ಕನ್ನಡದ ಕುಟುಂಬಗಳಿಗೂ ಅದರ ಲಾಭ ಸಿಕ್ಕಿತು. ಆದರೆ ಹಿಗ್ಗಿಸಿದ ಕಾನೂನಿನಲ್ಲೇ ಮುಗಿಯುವ ದಿನವೂ ಬರೆದಿತ್ತು. ಒಮ್ಮೆ ಅವಧಿ ವಿಸ್ತರಿಸಿದ ಮೇಲೂ 2025ರ ಡಿಸೆಂಬರ್ 31ಕ್ಕೆ ಅದು ಮುಗಿದುಹೋಯಿತು.

ಇನ್ನು ನಮ್ಮ ಯಶಸ್ವಿನಿ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರ ಯೋಚನೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಆಡಳಿತ ಬಲ ಸೇರಿ ಹುಟ್ಟಿದ ಯೋಜನೆ ಇದು. 2002ರ ನವೆಂಬರ್ 14ರಂದು ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಉದ್ಘಾಟಿಸಿದರು, 2003ರ ಜೂನ್ 1ರಿಂದ ಚಿಕಿತ್ಸೆ ಶುರುವಾಯಿತು. ಇದರಲ್ಲಿ ವಿಮಾ ಕಂಪನಿ ಇರಲಿಲ್ಲ. ಸದಸ್ಯರ ವಂತಿಗೆ ಮತ್ತು ಸರ್ಕಾರದ ಪಾಲು ಒಂದು ಟ್ರಸ್ಟಿಗೆ ಹೋಗುತ್ತಿತ್ತು, ಆಸ್ಪತ್ರೆಯ ಬಿಲ್ಲನ್ನು ಟ್ರಸ್ಟ್ ಕಟ್ಟುತ್ತಿತ್ತು. ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗಳಿಗೆ ವರ್ಷಕ್ಕೆ ಎರಡು ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ.

ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇದು ಬೇರೂರಿದ್ದರ ಗುಟ್ಟು ವೈದ್ಯಕೀಯದಲ್ಲಿರಲಿಲ್ಲ, ಡೇರಿಯಲ್ಲಿತ್ತು ಅನ್ನುವುದು ನನ್ನ ತಿಳಿವಳಿಕೆ. ಅದೇ 2003ರಲ್ಲಿ ಕೇಂದ್ರವೂ ದಿನಕ್ಕೊಂದು ರೂಪಾಯಿಯ ಆರೋಗ್ಯ ವಿಮೆ ತಂದಿತ್ತು. ಒಬ್ಬರಿಗೆ ವರ್ಷಕ್ಕೆ 365 ರೂಪಾಯಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ 100 ರೂಪಾಯಿ ಸಹಾಯಧನ. ಮಾರುವ ಹೊಣೆ ವಿಮಾ ಕಂಪನಿಗಳದು. ಹಳ್ಳಿಯವರಿಗೆ ಆ ಕಂಪನಿಗಳ ಕಚೇರಿ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ, ಯೋಜನೆ ಮೇಲೇಳಲಿಲ್ಲ. ಯಶಸ್ವಿನಿಗೆ ಮಾತ್ರ ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು, ಎರಡನೇ ವರ್ಷ 20 ಲಕ್ಷ ದಾಟಿತು. ಬೆಳಿಗ್ಗೆ ಸಂಜೆ ಹಾಲು ಹಾಕಲು ಹೋಗುವ ಜಾಗದಲ್ಲೇ, ದಿನಾ ಫ್ಯಾಟ್ ನೋಡಿ ದರ ಬರೆಯುವ ಕೈಯೇ ಹೆಸರು ಬರೆದುಕೊಂಡರೆ ಅನುಮಾನ ಪಡುವವರು ಯಾರು?

ಮೂರನೇ ವರ್ಷ ದೊಡ್ಡವರ ವಂತಿಗೆ 120ಕ್ಕೆ ಏರಿತು. ಸದಸ್ಯರ ಸಂಖ್ಯೆ 15 ಲಕ್ಷದ ಆಸುಪಾಸಿಗೆ ಕುಸಿಯಿತು. ಅರವತ್ತು ರೂಪಾಯಿಯ ವ್ಯತ್ಯಾಸಕ್ಕೆ ಸುಮಾರು ಐದು ಲಕ್ಷ ಜನ ಬಿಟ್ಟುಹೋದರು ಅಂದಾಗ ನಗರದ ಗೆಳೆಯರು ನಂಬುವುದಿಲ್ಲ. ಮನೆಯಲ್ಲಿ ದೊಡ್ಡವರು ಐದು ಜನರಿದ್ದರೆ 300 ಇದ್ದದ್ದು 600 ಆಯಿತು, ಅದೂ ಒಂದೇ ಬಟವಾಡೆಯಲ್ಲಿ ಹಿಡಿಯುವ ದುಡ್ಡು. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅನ್ನುವ ಲೆಕ್ಕ ಅಲ್ಲಿಂದ ಶುರು. ಬಿಟ್ಟುಹೋದವರಲ್ಲಿ ಹೆಂಗಸರೆಷ್ಟು ಗಂಡಸರೆಷ್ಟು ಅನ್ನುವುದನ್ನು ಯಾರಾದರೂ ಹುಡುಕಿ ಬರೆಯಬೇಕು. ಮುಂದೆ ಸಂಖ್ಯೆ ಚೇತರಿಸಿಕೊಂಡು ಮೂವತ್ತು ಲಕ್ಷವನ್ನೂ ದಾಟಿತು.

ಯೋಜನೆಗೆ ಕೊರತೆಗಳಿದ್ದವು. ಆಪರೇಷನ್ನಿಗೆ ದುಡ್ಡು, ಸಕ್ಕರೆ ಕಾಯಿಲೆಯ ಮಾತ್ರೆಗೆ ಇಲ್ಲ. ಸಂಘದ ಸದಸ್ಯತ್ವವಿಲ್ಲದ ಕೂಲಿಯವರು ಹೊರಗೆ. ದುಡ್ಡಿನ ಬಹುಪಾಲು ಖಾಸಗಿ ಆಸ್ಪತ್ರೆಗಳಿಗೆ ಹೋಯಿತು, ತಾಲ್ಲೂಕು ಆಸ್ಪತ್ರೆ ಇದ್ದಲ್ಲೇ ಇತ್ತು. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ: ವಂತಿಗೆ ಕಟ್ಟಿದವರು ಆಸ್ಪತ್ರೆಗೆ ಕಾರ್ಡು ಹಿಡಿದು ಹೋಗುವಾಗ ಬೇಡಲು ಹೋದವರ ಹಾಗೆ ಹೋಗುತ್ತಿರಲಿಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ವಿಲೀನ ಮಾಡಿದರು. ಎಲ್ಲರಿಗೂ ಒಂದೇ ಯೋಜನೆ ಅನ್ನುವ ಆಶಯ ತಪ್ಪಲ್ಲ. ಆದರೆ ಬಿಪಿಎಲ್ ಕಾರ್ಡಿಲ್ಲದವರಿಗೆ ಹೊಸ ಯೋಜನೆ ಕೊಡುತ್ತಿದ್ದದ್ದು ಪ್ಯಾಕೇಜ್ ದರದ ಶೇ. 30 ಮಾತ್ರ, ಉಳಿದ ಶೇ. 70 ರೋಗಿಯದು. ಎರಡು ಎಕರೆ ಹಿಪ್ಪುನೇರಳೆ, ನಾಲ್ಕು ಹಸು, ಎಪಿಎಲ್ ಕಾರ್ಡು ಇರುವ ಮನೆ ನಮ್ಮ ಕಡೆ ಶ್ರೀಮಂತರದ್ದಲ್ಲ. ನನ್ನ ಸೋದರತ್ತೆಯ ಗರ್ಭಕೋಶದ ಆಪರೇಷನ್ ಆದದ್ದು ಆ ಅವಧಿಯಲ್ಲಿ. ಆಸ್ಪತ್ರೆಯ ಕೌಂಟರಿನಲ್ಲಿ "ಆ ಕಾರ್ಡು ಈಗ ನಡೆಯಲ್ಲ" ಅಂದರು. ಎರಡು ಹಸು ಮಾರಿದರು. ಹಸು ಮಾರಿದ ಮೇಲೆ ಡೇರಿಗೆ ಹಾಲು ಹಾಕುವುದೂ ನಿಂತಿತು.

ನನ್ನ ಓದಿನ ಮೇಜಿನ ಮೇಲೆ ಎರಡೂ ಅಕ್ಕಪಕ್ಕ ಬಂದಾಗ ಕಾಣುವುದು ಇದು. 80ಡಿಯ ವಿನಾಯಿತಿ ಕಾಯ್ದೆಯೊಳಗೆ ಕೂತಿದೆ. ಅದನ್ನು ತೆಗೆಯಬೇಕಾದರೆ ಸಂಸತ್ತಿಗೆ ಹೋಗಬೇಕು, ತೆರಿಗೆ ಕಟ್ಟುವವರು ಸುಮ್ಮನಿರುವುದಿಲ್ಲ. 2020ರ ಹೊಸ ತೆರಿಗೆ ಪದ್ಧತಿಯಲ್ಲಿ ಅದನ್ನು ಬಿಟ್ಟಾಗಲೂ ಬದಲಿಗೆ ಕಡಿಮೆ ದರ ಕೊಟ್ಟರು, ಬೇಕಾದವರಿಗೆ ಹಳೆಯ ಪದ್ಧತಿಯನ್ನೂ ಉಳಿಸಿದರು. ಅದರಿಂದ ಖಜಾನೆಗೆ ಎಷ್ಟು ಕಡಿಮೆಯಾಯಿತು ಅನ್ನುವ ಲೆಕ್ಕ ಕೇಂದ್ರ ಬಜೆಟ್ಟಿನ ಅನುಬಂಧದಲ್ಲಿ ಬರುತ್ತದೆ, ಓದುವವರು ವಿರಳ. ಯಶಸ್ವಿನಿಗೆ ಸರ್ಕಾರ ಕೊಡುತ್ತಿದ್ದ ಪಾಲು ಮಾತ್ರ ವರ್ಷ ವರ್ಷವೂ ರಾಜ್ಯ ಬಜೆಟ್ಟಿನ ಸಾಲಿನಲ್ಲಿ ಕಾಣಿಸಿಕೊಂಡು, 'ಹೊರೆ' ಅನ್ನಿಸಿಕೊಂಡು, ಒಂದು ದಿನ ಸರ್ಕಾರಿ ಆದೇಶದಲ್ಲಿ ಮಾಯವಾಯಿತು. ವಿಧಾನಸಭೆಯಲ್ಲಿ ಮಸೂದೆ ಬೇಕಾಗಲಿಲ್ಲ, ಏಕೆಂದರೆ ಅದು ಯಾವತ್ತೂ ಕಾನೂನಾಗಿರಲಿಲ್ಲ. ಅಮೆರಿಕದಲ್ಲಿ ಕನಿಷ್ಠ ಅದಕ್ಕಾಗಿ ಸರ್ಕಾರವೇ ನಿಂತಿತು.

ದಾಖಲೆ ಹುಡುಕುವವರಿಗೊಂದು ಅಡ್ಡಮಾತು. ಯಶಸ್ವಿನಿ ಶುರುವಾದಾಗ ವಿರೂಪಾಕ್ಷಿಪುರ ಇದ್ದದ್ದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ. 2007ರಿಂದ ರಾಮನಗರ ಜಿಲ್ಲೆ. 2025ರಿಂದ ಬೆಂಗಳೂರು ದಕ್ಷಿಣ. ಒಂದೇ ಡೇರಿಯ ಸದಸ್ಯರ ಪಟ್ಟಿಗೆ ಮೂರು ಜಿಲ್ಲೆಗಳ ಹೆಸರಿನಲ್ಲಿ ಕಡತ ತೆಗೆಸಬೇಕು.

2022ರ ಬಜೆಟ್ಟಿನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ 300 ಕೋಟಿ ಇಟ್ಟು ಯಶಸ್ವಿನಿಯನ್ನು ಮತ್ತೆ ತಂದಿತು. 2023ರ ಜನವರಿ 1ರಿಂದ ಚಿಕಿತ್ಸೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ, ನಗರದವರಿಗೆ 1,000, ಚಿಕಿತ್ಸೆಯ ಮಿತಿ ಐದು ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಪೂರ್ತಿ ಕುಟುಂಬಕ್ಕೆ ಒಂದೇ ದರ ಇಟ್ಟಿದ್ದರಿಂದ, ಮನೆಯಲ್ಲಿ ಯಾರನ್ನು ಬಿಡಬೇಕು ಅನ್ನುವ ಆ ಹಳೆಯ ಲೆಕ್ಕ ಸಣ್ಣ ಸಂಸಾರಗಳ ಮಟ್ಟಿಗಾದರೂ ತಪ್ಪಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ಹೋಯಿತು. ಅದನ್ನು ಪಡೆಯಲು ಪಾಲಿಸಿದಾರರು ಎಲ್ಲೂ ಹೆಸರು ಬರೆಸಬೇಕಿಲ್ಲ. ಡೇರಿಯ ಗೋಡೆಯ ಮೇಲೆ ಮಾತ್ರ ಯಶಸ್ವಿನಿ ನೋಂದಣಿಯ ಕೊನೆಯ ದಿನಾಂಕದ ಚೀಟಿ ಪ್ರತಿ ವರ್ಷ ಅಂಟಿಸುತ್ತಾರೆ. ಹಾಲು ಹಾಕಲು ಬಂದವರು ಅದನ್ನು ಓದಿಸಿಕೊಂಡು, ಈ ವರ್ಷವೂ ಇದೆಯಾ ಅಂತ ಕಾರ್ಯದರ್ಶಿಯನ್ನು ಕೇಳುತ್ತಾರೆ.